ರೇಷ್ಮೆಯ ಹುಳುವೂ ಇಪ್ಪತ್ತೊಂಬತ್ತು ಅಕ್ಷರಗಳೂ

2024ರ ಅಕ್ಟೋಬರ್ 7ರಂದು ಸ್ಟಾಕ್‌ಹೋಮಿನಿಂದ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕದ ಸುದ್ದಿ ಬಂದಿತು. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಅದಕ್ಕೆ ಪಾತ್ರರಾಗಿದ್ದರು. ಅವರು ‘ಮೈಕ್ರೋ ಆರ್.ಎನ್.ಎ.’ ಎಂಬುದನ್ನು ಕಂಡುಹಿಡಿದವರೆಂದು ಮರುದಿನದ ಪತ್ರಿಕೆಗಳು ತಿಳಿಸಿದುವು. ಅದರ ಮಾರನೆಯ ದಿನ ಬೇರೆ ಪಾರಿತೋಷಕ, ಬೇರೆ ಹೆಸರುಗಳು. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಆ ಸುದ್ದಿ ಕಾಫಿಯ ಲೋಟ ಬರಿದಾಗುವವರೆಗೆ ಬಾಳಿತು. “ಯಾವುದೋ ಹುಳದ ವಿಷಯವಂತೆ” ಎಂದರು ಒಬ್ಬರು. “ಹುಳಕ್ಕೂ ನೊಬೆಲ್ಲೇ!” ಎಂದರು ಇನ್ನೊಬ್ಬರು. ಗಂಟೆ ಹೊಡೆಯಿತು, ಎಲ್ಲರೂ ತಂತಮ್ಮ ತರಗತಿಗಳಿಗೆ ಹೋದೆವು.

ಹುಳದ ವಿಷಯವೆಂಬುದೇನೋ ನಿಜ. ಆದರೆ ಹುಳದ ವಿಷಯವೆಂದು ತಳ್ಳಿಬಿಡುವ ಹಕ್ಕು ಜಗತ್ತಿನಲ್ಲಿ ಬೇರೆ ಯಾರಿಗಿದ್ದರೂ ಮೈಸೂರು ಸೀಮೆಯವರಿಗೆ ಇಲ್ಲ. ಒಂದು ಹುಳದ ಬಾಯಿಂದ ಬಂದ ನೂಲನ್ನು ಮದುವೆಗೆ ಉಟ್ಟು, ಪೂಜೆಗೆ ಉಟ್ಟು, ಪೆಟ್ಟಿಗೆಯಲ್ಲಿಟ್ಟು ಮೊಮ್ಮಕ್ಕಳಿಗೆ ಕೊಟ್ಟುಹೋಗುವ ನಾಡು ಇದು. ಅದೇ ಹುಳವನ್ನು ಸಾಕಿ, ಗೂಡು ಮಾರಿ, ಆ ಹಣದಿಂದ ಮಕ್ಕಳನ್ನು ಬೆಂಗಳೂರಿನ ಕಾಲೇಜುಗಳಿಗೆ ಕಳುಹಿಸಿದ ನಾಡೂ ಇದೇ. ನಾನು ಕನ್ನಡ ಪಾಠ ಹೇಳುವವನು. ಜೀವಶಾಸ್ತ್ರ ನನ್ನ ಕಸುಬಲ್ಲ. ಆದರೂ ಈ ವಿಷಯವನ್ನು ಕುರಿತು ಬರೆಯಲು ಹೊರಟಿರುವುದಕ್ಕೆ ಕಾರಣವಿದೆ. ಆ ಪಾರಿತೋಷಕದ ಹಿಂದಿರುವ ವಿಜ್ಞಾನ ಈಗಾಗಲೇ ನಮ್ಮ ರೇಷ್ಮೆಹುಳುವಿನ ಮೈಯೊಳಗೆ ಪ್ರವೇಶಿಸಿದೆ. ಅದು ರೈತನ ಮನೆಯೊಳಕ್ಕೆ ಬರಬಹುದೇ ಬೇಡವೇ ಎಂಬ ತೀರ್ಮಾನ ಇಂದಲ್ಲ ನಾಳೆ ಆಗತಕ್ಕದ್ದು. ಆ ತೀರ್ಮಾನದ ಮಾತುಕತೆಯೆಲ್ಲ ಹುಳು ಸಾಕುವವರ ಭಾಷೆಯಲ್ಲಿ ನಡೆಯುತ್ತಿಲ್ಲ.

ಮೊದಲು ಪಾರಿತೋಷಕದ ಹುಳದ ಕತೆ. ಜೀವಕೋಶದ ವ್ಯವಹಾರವನ್ನು ಹಳೆಯ ಮೈಸೂರಿನ ಆಡಳಿತಕ್ಕೆ ಹೋಲಿಸಿದರೆ ಸುಲಭವಾಗಿ ತಿಳಿದೀತು. ಹುಜೂರಿನಲ್ಲಿ ಮೂಲ ದಫ್ತರವಿದೆ, ಅದೇ ಡಿ.ಎನ್.ಎ. ಅದು ಹೊರಗೆ ಹೋಗುವುದಿಲ್ಲ. ಅದರಲ್ಲಿ ಬೇಕಾದ ಒಂದು ಭಾಗವನ್ನು ನಕಲು ಮಾಡಿ ನಿರೂಪವಾಗಿ ತಾಲ್ಲೂಕಿಗೆ ಕಳುಹಿಸುತ್ತಾರೆ. ಈ ನಿರೂಪವೇ ಆರ್.ಎನ್.ಎ. ಅಮಲ್ದಾರನು ಅದನ್ನು ಓದಿ ಕೆಲಸ ಮಾಡಿಸುತ್ತಾನೆ. ಆ ಕೆಲಸವೇ ಪ್ರೋಟೀನು. ನಕಲು ಮಾಡುವುದಕ್ಕೆ ‘ಪ್ರತಿಲೇಖನ’ವೆಂದೂ, ನಿರೂಪವನ್ನು ಓದಿ ಪ್ರೋಟೀನು ಕಟ್ಟುವುದಕ್ಕೆ ‘ಭಾಷಾಂತರ’ವೆಂದೂ ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಕಸುಬಿನ ಮಾತುಗಳನ್ನೇ ಅವರು ಎರವಲು ಪಡೆದಿರುವುದರಿಂದ ನಮಗೂ ಅಲ್ಲಿ ಸ್ವಲ್ಪ ಸಲಿಗೆಯುಂಟು. ಒಂದು ಪ್ರಾಣಿಯ ಎಲ್ಲ ಕೋಶಗಳಲ್ಲಿಯೂ ಇರುವ ದಫ್ತರ ಒಂದೇ. ಹಾಗಿದ್ದರೂ ಕಣ್ಣು ಕಣ್ಣಾಗಿ, ಕರುಳು ಕರುಳಾಗಿ ಬೆಳೆಯುತ್ತದೆ. ಯಾವ ನಿರೂಪ ಎಲ್ಲಿ ಹೊರಡಬೇಕು, ಯಾವುದು ಹೊರಡಕೂಡದು ಎಂಬುದನ್ನು ಹುಜೂರಿನ ಬಾಗಿಲಲ್ಲಿಯೇ ಕೆಲವು ಪ್ರೋಟೀನುಗಳು ನಿರ್ಧರಿಸುತ್ತವೆಂದು ಬಹುಕಾಲದಿಂದ ತಿಳಿದಿತ್ತು. ಹೊರಟುಹೋದ ನಿರೂಪವನ್ನು ಕೂಡ ದಾರಿಯಲ್ಲಿ ತಡೆಯುವ ಒಂದು ಸಣ್ಣ ಚೀಟಿ ಇದೆಯೆಂಬುದು ಮಾತ್ರ ತಿಳಿದಿರಲಿಲ್ಲ.

ಆ ಚೀಟಿ ಸಿಕ್ಕಿದುದು ಮಣ್ಣಿನಲ್ಲಿರುವ ಒಂದು ದುಂಡುಹುಳುವಿನಲ್ಲಿ. ಅದರ ಉದ್ದ ಸುಮಾರು 1 ಮಿಲಿಮೀಟರು. ಬೆಳೆದ ಉಭಯಲಿಂಗಿ ಹುಳುವಿನ ದೇಹದಲ್ಲಿ, ಸಂತಾನಕೋಶಗಳನ್ನು ಬಿಟ್ಟರೆ, 959 ಕೋಶಗಳು, ಎಣಿಸಿಟ್ಟಿದ್ದಾರೆ. ಈ ಹುಳುಗಳಲ್ಲಿ ಒಂದು ವಿಕಾರದ ತಳಿಯಿತ್ತು. ಅದಕ್ಕೆ ದೊಡ್ಡದಾಗುವುದು ಗೊತ್ತು. ಪ್ರಾಯಕ್ಕೆ ಬರುವುದು ಗೊತ್ತಿಲ್ಲ. ಮೊದಲ ಹಂತದ ಬೆಳವಣಿಗೆಯನ್ನೇ ಮತ್ತೆ ಮತ್ತೆ ಮಾಡುತ್ತ, ಒಂದನೆಯ ತರಗತಿಯಲ್ಲಿಯೇ ಮುದುಕನಾಗುವ ಹುಡುಗನಂತೆ, ಗಾತ್ರದಲ್ಲಿ ಹಿರಿದಾಗಿ ಅಂಗರಚನೆಯಲ್ಲಿ ಮಗುವಾಗಿಯೇ ಉಳಿಯುತ್ತಿತ್ತು. ಯಾವ ಜೀನು ಕೆಟ್ಟಿದ್ದರಿಂದ ಹೀಗಾಯಿತೆಂದು ಆಂಬ್ರೋಸ್ ಹುಡುಕುತ್ತ ಹೋದರು. ಕೊನೆಗೆ ಸಿಕ್ಕಿದ ಜೀನು ಯಾವ ಪ್ರೋಟೀನನ್ನೂ ಕಟ್ಟುವುದಲ್ಲ. 22 ಅಕ್ಷರಗಳ ಒಂದು ಆರ್.ಎನ್.ಎ. ತುಣುಕನ್ನು ಮಾತ್ರ ಬರೆಯುವಂಥದು. ಅತ್ತ ರವ್‌ಕುನ್ ಬೇರೊಂದು ಜೀನಿನ ನಿರೂಪವನ್ನು ಪರೀಕ್ಷಿಸುತ್ತಿದ್ದರು. 1992ರಲ್ಲಿ ಇಬ್ಬರೂ ತಂತಮ್ಮ ಅಕ್ಷರಮಾಲೆಗಳನ್ನು ಎದುರೆದುರು ಇಟ್ಟು ನೋಡಿದರು. ಚೀಟಿಯ ಅಕ್ಷರಗಳು ನಿರೂಪದ ಬಾಲದಲ್ಲಿ ಹಲವೆಡೆ ಕೊಂಡಿಗೆ ಕೊಂಡಿಯಂತೆ ಕೂಡಿಕೊಳ್ಳುತ್ತಿದ್ದುವು. ಎರಡು ಬೇರೆ ಮಠಗಳಲ್ಲಿದ್ದ ಓಲೆಗರಿಯ ತುಂಡುಗಳನ್ನು ಕೂಡಿಸಿದಾಗ ಸಾಲು ಪೂರ್ತಿಯಾಗುವುದನ್ನು ಕಂಡ ಗ್ರಂಥಸಂಪಾದಕನಿಗೆ ಆಗುವ ಸಂತೋಷ ಅವರಿಗೂ ಆಗಿರಬೇಕು. ಚೀಟಿ ಕೂಡಿಕೊಂಡರೆ ನಿರೂಪದ ಭಾಷಾಂತರ ನಿಲ್ಲುತ್ತದೆ. ನಿಂತರೇ ಹುಳ ಮುಂದಿನ ಹಂತಕ್ಕೆ ಹೋಗುತ್ತದೆ. 1993ರ ಡಿಸೆಂಬರಿನಲ್ಲಿ ಇದು ಅಚ್ಚಾಯಿತು. ಇದು ಆ ಹುಳುವಿನದೇ ಒಂದು ವಿಚಿತ್ರವಿರಬೇಕೆಂದುಕೊಂಡು ವಿದ್ವತ್ಪ್ರಪಂಚ ಏಳು ವರ್ಷ ಸುಮ್ಮನಿತ್ತು. 2000ದಲ್ಲಿ 21 ಅಕ್ಷರದ ಮತ್ತೊಂದು ಚೀಟಿ, ‘ಲೆಟ್-7’ ಎಂಬುದು, ಬೆಳಕಿಗೆ ಬಂದಿತು. ಅದು ಮನುಷ್ಯನಲ್ಲಿಯೂ ಇತ್ತು. ಆಮೇಲೆ ಯಾರೂ ಸುಮ್ಮನಿರಲಿಲ್ಲ.

ಇನ್ನು ನಮ್ಮ ಹುಳು.

ಬಸವನಗುಡಿಯ ದಕ್ಷಿಣದ ಅಂಚಿನಲ್ಲಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಇಂದಿಗೂ ಉಳಿದಿದೆ. ಆ ಹೆಸರಿನ ಬಡಾವಣೆಯಲ್ಲಿ ಮನೆಯುಳ್ಳವರು ಅನೇಕರು. ಅಲ್ಲಿ ರೇಷ್ಮೆ ಏನು ಮಾಡುತ್ತಿತ್ತೆಂದು ಕೇಳಿದವರು ವಿರಳ. ಜಮ್‌ಷೇಟ್‌ಜಿ ಟಾಟಾ ಅವರು 19ನೆಯ ಶತಮಾನದ ಕೊನೆಯ ದಶಕದಲ್ಲಿ ಜಪಾನೀ ಪದ್ಧತಿಯ ಹುಳು ಸಾಕಣೆಯನ್ನು ಇಲ್ಲಿ ಕಲಿಸುವುದಕ್ಕಾಗಿ ಆ ತೋಟವನ್ನು ಹಾಕಿಸಿದರು. ಮುಂದೆ ಅದು ಸಾಲ್ವೇಷನ್ ಆರ್ಮಿಯವರ ಕೈ ಸೇರಿತು. ಅದೇ ಟಾಟಾ ಅವರ ದತ್ತಿಯಿಂದ 1909ರಲ್ಲಿ ಮಲ್ಲೇಶ್ವರದ ಮಗ್ಗುಲಲ್ಲಿ ವಿಜ್ಞಾನಮಂದಿರವೂ ಹುಟ್ಟಿತು. ಊರಿನ ಒಂದು ಕೊನೆಗೆ ಹುಳು, ಇನ್ನೊಂದು ಕೊನೆಗೆ ವಿಜ್ಞಾನ! ಈ ಎರಡಕ್ಕೂ ನಡುವೆ ಇರುವ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. ಭೂಪಟವೇ ಏನೋ ಹೇಳುವಂತಿದೆ. ಆದರೆ ಭೂಪಟದ ಮಾತನ್ನು ಹೆಚ್ಚಾಗಿ ನಂಬಬಾರದು. ಈಗ ಬೆಂಗಳೂರಿನಲ್ಲಿ ಯಾರಿಗಾದರೂ ‘ಸಿಲ್ಕ್ ಬೋರ್ಡ್’ ಎಂದರೆ ರೇಷ್ಮೆ ನೆನಪಾಗುವುದಿಲ್ಲ, ನಿಂತ ವಾಹನಗಳ ಸಾಲು ನೆನಪಾಗುತ್ತದೆ. ಕೇಂದ್ರ ರೇಷ್ಮೆ ಮಂಡಲಿ 1949ರಲ್ಲಿ ಸ್ಥಾಪಿತವಾದ ದೊಡ್ಡ ಸಂಸ್ಥೆ. ಹಿಪ್ಪುನೇರಳೆಯ ರೇಷ್ಮೆಯನ್ನು ದೇಶದಲ್ಲೆಲ್ಲ ಹೆಚ್ಚಾಗಿ ಬೆಳೆಯುವ ರಾಜ್ಯ ನಮ್ಮದು.

ಎರಡು ವರ್ಷದ ಹಿಂದೆ ಕನಕಪುರದ ಕಡೆಯ ಹಳ್ಳಿಯ ಒಬ್ಬ ವಿದ್ಯಾರ್ಥಿನಿ ನನ್ನ ತರಗತಿಯಲ್ಲಿದ್ದಳು. ಒಂದು ದಿನ ಬಂದು, “ಸಾರ್, ನಾಳೆ ನಾಳಿದ್ದು ಬರಕ್ಕಾಗಲ್ಲ. ಮನೇಲಿ ಹುಳ ಹಣ್ಣಾಗವೆ” ಎಂದಳು. ಹುಳು ಹಣ್ಣಾಗುವುದು! ಹಳಗನ್ನಡ ಕಾವ್ಯಗಳಲ್ಲಿ ಇಂಥ ಪ್ರಯೋಗ ಸಿಕ್ಕಿದ್ದರೆ ನಾವು ಅದರ ಮೇಲೆ ಲೇಖನ ಬರೆಯುತ್ತಿದ್ದೆವು. ರಜೆ ಕೊಟ್ಟೆ, ಹಿಂದಿರುಗಿದ ಮೇಲೆ ಅವಳಿಂದ ಪಾಠ ಹೇಳಿಸಿಕೊಂಡೆ. ಮೊಟ್ಟೆಯೊಡೆದ ಹುಳುವನ್ನು ಎರಡನೆಯ ಜ್ವರದವರೆಗೆ ಸಾಕುವುದು ಚಾಕಿ. ಜ್ವರವೆಂದರೆ ಕಾಯಿಲೆಯಲ್ಲ; ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಒಂದು ದಿನದಷ್ಟು ಕುಳಿತು ಹಳೆಯ ಚರ್ಮವನ್ನು ಕಳಚುವುದು. ಹೀಗೆ ನಾಲ್ಕು ಜ್ವರ. ನಾಲ್ಕನೆಯ ಜ್ವರ ಎದ್ದ ಹುಳು ಒಂದು ವಾರ ಎಡೆಬಿಡದೆ ಮೇಯುತ್ತದೆ. ಮನೆಯೊಳಗೆ ಮಳೆ ಹೊಯ್ದಂತೆ ಸದ್ದು ಕೇಳುತ್ತದೆಯಂತೆ. ಆಮೇಲೆ ಮೈ ಕನ್ನಡಿಯಂತಾಗಿ ಹಣ್ಣಾಗುತ್ತದೆ. ಆಗ ಆರಿಸಿ ಚಂದ್ರಿಕೆಗೆ ಬಿಡಬೇಕು. ಒಂದು ಹೊತ್ತು ತಡವಾದರೆ ಹುಳು ಸಿಕ್ಕಲ್ಲಿಯೇ ನೂಲು ಸುತ್ತಿ ಗೂಡು ಕೆಡಿಸುತ್ತದೆ. ಜ್ವರ, ಹಣ್ಣು, ಚಂದ್ರಿಕೆ, ಗೂಡು: ಒಂದು ಪ್ರಾಣಿಯ ಬೆಳವಣಿಗೆಯ ಹಂತಗಳಿಗೆ ಇಷ್ಟು ಖಚಿತವಾದ, ಇಷ್ಟು ನೋಡಿ ಹೇಳಿದ ಮಾತುಗಳು ನಮ್ಮಲ್ಲಿವೆ. ಪಠ್ಯಪುಸ್ತಕದ ‘ನಿರ್ಮೋಚನ’ಕ್ಕಿಂತ ‘ಜ್ವರ’ ನೂರು ಪಾಲು ಮೇಲು ಎಂದು ನನ್ನ ಮತ.

ಹುಳು ಎಣಿಕೆ ತಪ್ಪದೆ ನಾಲ್ಕೇ ಸಲ ಜ್ವರಕ್ಕೆ ಕೂರುವುದೇಕೆ, ಅನಂತರ ಹಣ್ಣಾಗುವುದೇಕೆ? ಹುಳುವಿನ ಮೈಯಲ್ಲಿ ಏರಿಳಿಯುವ ಕೆಲವು ರಸಗಳು ಇದಕ್ಕೆ ಕಾರಣವೆಂದು ಮೊದಲೇ ತಿಳಿದಿತ್ತು. ಅವುಗಳ ಜೊತೆಗೆ ಚೀಟಿಗಳೂ ಕೆಲಸ ಮಾಡುತ್ತವೆ. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ರೇಷ್ಮೆಹುಳುವಿನಲ್ಲಿರುವ ಲೆಟ್-7 ಚೀಟಿಯನ್ನು ಕೆಲಸ ಮಾಡಗೊಡದೆ ತಡೆದಾಗ ಹುಳುವಿನ ಜ್ವರವೂ ಗೂಡಿನೊಳಗಿನ ರೂಪಾಂತರವೂ ಕೆಟ್ಟುವು. ಬೋಸ್ಟನ್ನಿನ ಪ್ರಯೋಗಶಾಲೆಯ ದುಂಡುಹುಳುವಿನಲ್ಲಿ ಕಂಡದ್ದು ಕನಕಪುರದ ತಟ್ಟೆಯ ಮೇಲಿನ ಹುಳುವಿನಲ್ಲಿಯೂ ನಡೆಯುತ್ತಿದೆಯೆಂದಾಯಿತು.

ಆದರೆ ಅದೇ ವರ್ಷ ಇದಕ್ಕಿಂತ ದೊಡ್ಡ ಸುದ್ದಿಯೊಂದು ಜಪಾನಿನಿಂದ ಬಂದಿತು. ಅದರ ಮಹತ್ತ್ವ ತಿಳಿಯಬೇಕಾದರೆ ಬಿತ್ತನೆ ಕೋಠಿಯ ಕೆಲಸವನ್ನು ಸ್ವಲ್ಪ ನೋಡಬೇಕು. ನಮ್ಮ ರೈತರು ಸಾಕುವ ಮಿಶ್ರತಳಿಯ ಮೊಟ್ಟೆಗೆ ಸಾಮಾನ್ಯವಾಗಿ ಹೆಣ್ಣು ಮೈಸೂರು ತಳಿಯದು, ಗಂಡು ಸಿ.ಎಸ್.ಆರ್. 2 ಎಂಬ ದ್ವಿತಳಿಯದು. ಗೂಡಿನೊಳಗಿನ ಕೋಶ ಚಿಟ್ಟೆಯಾಗಿ ಹೊರಬರುವುದಕ್ಕೆ ಮೊದಲೇ ಗಂಡು ಹೆಣ್ಣುಗಳನ್ನು ಬೇರೆ ಮಾಡದಿದ್ದರೆ ತಳಿ ಕೆಟ್ಟುಹೋಗುತ್ತದೆ. ಗೂಡನ್ನು ಕೊಯ್ದು, ಕೋಶದ ಹಿಂಭಾಗದಲ್ಲಿರುವ ಸಣ್ಣ ಗುರುತನ್ನು ನೋಡಿ, ‘ಇದು ಹೆಣ್ಣು, ಇದು ಗಂಡು’ ಎಂದು ಬುಟ್ಟಿಗೆ ಹಾಕುವ ಹೆಂಗಸರ ಕೈಚಳಕದ ಮೇಲೆ ಇಡೀ ಕಸುಬು ನಿಂತಿದೆ. ಗಂಡುಹುಳುವಿನ ಗೂಡಿನಲ್ಲಿ ತೂಕಕ್ಕೆ ತಕ್ಕ ನೂಲು ಹೆಚ್ಚು. ಹೆಣ್ಣಿನ ಗೂಡಿನ ಭಾರದಲ್ಲಿ ಮೊಟ್ಟೆಯ ಪಾಲೂ ಉಂಟು. ಆದುದರಿಂದ ಹುಳು ಹೆಣ್ಣಾಗುವುದು ಹೇಗೆ ಎಂಬುದು ವಿದ್ವಾಂಸರ ಕುತೂಹಲಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ.

ರೇಷ್ಮೆಹುಳುವಿನಲ್ಲಿ ಗಂಡಿಗೆ ‘ಜ಼ಡ್’ ಎಂಬ ವರ್ಣತಂತು ಎರಡು. ಹೆಣ್ಣಿಗೆ ಒಂದು ‘ಜ಼ಡ್’, ಒಂದು ‘ಡಬ್ಲ್ಯು’. ಡಬ್ಲ್ಯು ಇದ್ದರೆ ಹೆಣ್ಣೆಂದು 1933ರಲ್ಲಿಯೇ ಜಪಾನಿನ ಹಾಶಿಮೊಟೊ ತೋರಿಸಿಕೊಟ್ಟಿದ್ದರು. ಆ ತಂತುವಿನಲ್ಲಿ ಹೆಣ್ತನವನ್ನು ವಿಧಿಸುವ ಜೀನು ಯಾವುದು? ಎಂಬತ್ತು ವರ್ಷ ಹುಡುಕಿದರು. ಡಬ್ಲ್ಯು ತಂತುವೆಂಬುದು ಒಂದು ಹಾಳೂರು. ಜೀನುಗಳ ನಡುವೆ ನುಗ್ಗಿ ತಮ್ಮನ್ನು ತಾವೇ ನಕಲು ಮಾಡಿಕೊಂಡು ಹರಡುವ ಅಲೆಮಾರಿ ತುಣುಕುಗಳ ಮುರುಕುಗಳೇ ಅಲ್ಲಿ ರಾಶಿ ಬಿದ್ದಿವೆ. ಅಂಥ ತಿಪ್ಪೆಯಲ್ಲಿ ಪ್ರೋಟೀನು ಕಟ್ಟುವ ಜೀನು ಸಿಕ್ಕೀತೆಂದು ಹುಡುಕಿದವರಿಗೆ ಅದು ಸಿಗಲಿಲ್ಲ. 2014ರ ಮೇ ತಿಂಗಳಿನಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯದ ಕಿಯೂಚಿ, ಕತ್ಸುಮ ಮೊದಲಾದವರು ಉತ್ತರವನ್ನು ಪ್ರಕಟಿಸಿದರು. ಹೆಣ್ಣನ್ನು ಹೆಣ್ಣಾಗಿಸುವುದು ಪ್ರೋಟೀನಲ್ಲ. ಅದು ಆ ತಿಪ್ಪೆಯೊಳಗಿಂದ ಹೊರಡುವ 29 ಅಕ್ಷರದ ಒಂದು ಆರ್.ಎನ್.ಎ. ಚೀಟಿ. ಪೀವಿ ಎಂಬ ಪ್ರೋಟೀನಿನ ಹೆಗಲೇರಿ ಓಡಾಡುವ ಈ ಜಾತಿಯ ಚೀಟಿಗಳು ಆ ಅಲೆಮಾರಿ ತುಣುಕುಗಳನ್ನು ಅಡಗಿಸುವ ಕಾವಲುಗಾರರೆಂದು ಮೊದಲೇ ಹೆಸರಾಗಿದ್ದುವು. ಜ಼ಡ್ ತಂತುವಿನ ಒಂದು ಜೀನು ಹುಳುವನ್ನು ಗಂಡಾಗು ಎಂದು ನಿರೂಪ ಕಳುಹಿಸುತ್ತದೆ. ಚೀಟಿ ಆ ನಿರೂಪವನ್ನು ಹಿಡಿದು ಕತ್ತರಿಸುವಂತೆ ಮಾಡುತ್ತದೆ. ಗಂಡಾಗುವ ಆಜ್ಞೆ ತಪ್ಪಿದ ಹುಳು ಹೆಣ್ಣಾಗುತ್ತದೆ.

ಇದನ್ನು ಓದಿದಾಗ ನನಗೆ ಕೇಶಿರಾಜನ ನೆನಪಾಯಿತು. ಹಳಗನ್ನಡದಲ್ಲಿ ‘ನೋಡುವೆಂ’ ಎಂದರೆ ನೋಡುತ್ತೇನೆ. ‘ನೋಡೆಂ’ ಎಂದರೆ ನೋಡುವುದಿಲ್ಲ. ನಿಷೇಧಕ್ಕೆಂದು ಅಲ್ಲಿ ದೊಡ್ಡ ಪದವೇನೂ ಸೇರಲಿಲ್ಲ. ನಡುವಣ ಒಂದು ಅಕ್ಷರ ಇಲ್ಲವಾಯಿತು, ಅಷ್ಟೆ. ಅರ್ಥ ತಲೆಕೆಳಗಾಯಿತು. ವ್ಯಾಕರಣದ ತರಗತಿಯಲ್ಲಿ ಪ್ರತ್ಯಯಗಳಿಗೆ ಸ್ವಂತ ಅರ್ಥವಿಲ್ಲವೆಂದು ಹೇಳುತ್ತೇವೆ. ಅರ್ಥವಿಲ್ಲದ ಆ ತುಣುಕುಗಳು ಇಲ್ಲದಿದ್ದರೆ ವಾಕ್ಯವೇ ಇಲ್ಲ. ಪ್ರೋಟೀನು ಕಟ್ಟದ ಆರ್.ಎನ್.ಎ.ಗೆ ಇಂಗ್ಲಿಷಿನವರು ‘ನಾನ್‌ಕೋಡಿಂಗ್’ ಎಂದು ಕರೆದರು. ನಮ್ಮವರು ಅದನ್ನು ‘ಸಂಕೇತರಹಿತ’ ಎಂದರು. ಅದು ಏನನ್ನು ಮಾಡುವುದಿಲ್ಲವೋ ಅದರಿಂದ ಅದಕ್ಕೆ ಹೆಸರು. ಗಾಡಿ ಎಳೆಯದವನೆಂದು ಗಾಡಿ ಹೊಡೆಯುವವನನ್ನು ಕರೆದಂತಾಯಿತು. ಜೀನಿಗೆ ‘ವಂಶವಾಹಿ’ ಎಂಬ ಹೆಸರು ಕೇಳಲು ಇಂಪಾಗಿದೆ, ನಾನೂ ಬಳಸಿದ್ದೇನೆ. ಆದರೆ ಆ ಮಾತನ್ನು ಕೇಳಿದವನಿಗೆ ಅದು ವಂಶದಿಂದ ಹೊತ್ತು ತಂದ ಗಂಟು, ಬಿಚ್ಚಲಾಗದ ಹಣೆಬರಹ ಎಂದೇ ತೋರುತ್ತದೆ. ಈಚೆಗೆ ಭಾಷಣಕಾರರು, ಅಂಕಣಕಾರರು ‘ಅದು ಅವರ ಡಿ.ಎನ್.ಎ.ಯಲ್ಲಿಯೇ ಇದೆ’ ಎಂದು ಒಂದು ಪಕ್ಷವನ್ನೋ ಒಂದು ಜಾತಿಯನ್ನೋ ತೀರ್ಮಾನಿಸಿಬಿಡುತ್ತಾರೆ. ಬರೆದಿರುವುದೆಲ್ಲ ನಡೆದೇ ತೀರುತ್ತದೆಯೆಂಬುದು ಈ ಮಾತಿನ ಆಧಾರ. ಇಲ್ಲಿಯ ರೇಷ್ಮೆಹುಳುವನ್ನೇ ನೋಡಿ: ಗಂಡಾಗುವ ಬರಹ ಹೆಣ್ಣಿನ ಮೈಯಲ್ಲಿಯೂ ಇದೆ, ಓದಗೊಡದ ಚೀಟಿಯೊಂದು ಅಲ್ಲಿದೆ.

ಇನ್ನು ಹುಳುವಿನ ನಿಜವಾದ ಕಾಯಿಲೆ. ರೇಷ್ಮೆಯ ರೈತ ಹೆದರುವ ರೋಗಗಳು ಕೆಲವಿವೆ. ಸುಣ್ಣಕಟ್ಟು, ಸಪ್ಪೆರೋಗ, ಗಂಟುರೋಗ, ಹಾಲುತೊಂಡೆ. ಹೆಸರಿನಲ್ಲಿಯೇ ಲಕ್ಷಣವಿದೆ. ಹಾಲುತೊಂಡೆ ಬಂದ ಹುಳು ಊದಿಕೊಂಡು, ಚರ್ಮ ಬಿರಿದು, ಹಾಲಿನಂಥ ದ್ರವ ಸುರಿಸುತ್ತ ತಟ್ಟೆಯ ಮೇಲೆ ಅಲೆದಾಡಿ ಸಾಯುತ್ತದೆ. ಅಲೆದಲ್ಲೆಲ್ಲ ರೋಗವನ್ನು ಬಿತ್ತಿ ಹೋಗುತ್ತದೆ. ಇದು ವೈರಸ್ಸಿನಿಂದ ಬರತಕ್ಕದ್ದು. ಹುಳುವಿಗೆ ತಗುಲಿದ ಮೇಲೆ ಮದ್ದಿಲ್ಲ. ಸುಣ್ಣ ಚೆಲ್ಲುವುದು, ಮನೆ ತೊಳೆಯುವುದು, ಸತ್ತ ಹುಳುವನ್ನು ಆರಿಸಿ ಹೂಳುವುದು, ಇಷ್ಟೇ. ಮೂರು ವಾರ ಸೊಪ್ಪು ಕೊಯ್ದು ಹಾಕಿ, ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ಹೋದರೆ ಸೊಪ್ಪೂ ಕೂಲಿಯೂ ಸಾಲವೂ ಒಟ್ಟಿಗೆ ಹೋದಂತೆ.

ಈ ಹಾಲುತೊಂಡೆಗೆ ಚೀಟಿಯಿಂದಲೇ ತಡೆ ಹಾಕಬಹುದೆಂದು ಪ್ರಯತ್ನಿಸಿದವರು ಜವರೇಗೌಡ ನಾಗರಾಜು. ಹೈದರಾಬಾದಿನ ಡಿ.ಎನ್.ಎ. ಸಂಶೋಧನ ಕೇಂದ್ರದಲ್ಲಿದ್ದುಕೊಂಡು ರೇಷ್ಮೆಹುಳುವಿನ ವಂಶವಿದ್ಯೆಗೆ ಭಾರತದಲ್ಲಿ ದೊಡ್ಡ ಹೆಸರು ತಂದವರು ಅವರು. ಇಮ್ಮಡಿ ಎಳೆಯ ಆರ್.ಎನ್.ಎ.ಯನ್ನು ಜೀವಿಯೊಳಕ್ಕೆ ಸೇರಿಸಿದರೆ ಕೋಶವು ಅದನ್ನು ಸುಮಾರು 21 ಅಕ್ಷರಗಳ ಚೀಟಿಗಳಾಗಿ ಕತ್ತರಿಸಿ, ಅದೇ ಅಕ್ಷರಗಳುಳ್ಳ ನಿರೂಪವನ್ನು ಹುಡುಕಿ ನಾಶಮಾಡುತ್ತದೆ. ಇಮ್ಮಡಿ ಎಳೆಯ ಆರ್.ಎನ್.ಎ. ಹೀಗೆ ಜೀನನ್ನು ಅಡಗಿಸುತ್ತದೆಂಬುದನ್ನು ಫೈರ್, ಮೆಲ್ಲೊ ಎಂಬವರು 1998ರಲ್ಲಿ ತೋರಿಸಿದ್ದರು. 2006ರಲ್ಲಿ ಅವರಿಗೂ ನೊಬೆಲ್ ಬಂದಿತು. ನಾಗರಾಜು ಮತ್ತು ಅವರ ಸಂಗಡಿಗರು, ಫ್ರಾನ್ಸಿನ ಸಂಶೋಧಕರೊಡಗೂಡಿ, ಹಾಲುತೊಂಡೆಯ ವೈರಸ್ಸಿಗೆ ಅತ್ಯವಶ್ಯವಾದ ಹಲವು ಜೀನುಗಳ ವಿರುದ್ಧ ಚೀಟಿಗಳು ಹುಳುವಿನ ಮೈಯಲ್ಲಿಯೇ ಹುಟ್ಟುವಂತೆ ಅದರ ದಫ್ತರದಲ್ಲಿ ಒಂದು ಹೊಸ ಪುಟವನ್ನು ಸೇರಿಸಿದರು. ವೈರಸ್ಸನ್ನು ತಿನ್ನಿಸಿದಾಗ ಸಾಮಾನ್ಯ ಹುಳುಗಳಿಗಿಂತ ಇವು ಬಹಳ ಹೆಚ್ಚಾಗಿ ಬದುಕುಳಿದುವು. ಲೇಖನ ಅಚ್ಚಾದುದು 2013ರ ಜನವರಿಯಲ್ಲಿ. ಅಷ್ಟರಲ್ಲಿ, 2012ರ ಕೊನೆಯಲ್ಲಿ, ನಾಗರಾಜು ತೀರಿಕೊಂಡಿದ್ದರು. ನಮ್ಮ ಸಾಹಿತ್ಯದವರಲ್ಲಿ ಈ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಒಂದು ದಶಕಕ್ಕೂ ಮೇಲಾಯಿತು. ಅಂಥ ಹುಳು ರೈತರ ಮನೆಗೆ ಬಂದಿಲ್ಲ. ಬರಬಾರದೆಂದು ಹೇಳುವವರಿಗೂ ಬರಬೇಕೆನ್ನುವವರಿಗೂ ಕಾರಣಗಳಿವೆ. ದೇಶದಲ್ಲಿ ಈ ಬಗೆಯ ಜೀವಿಗಳನ್ನು ಕುರಿತ ವಾದವೆಲ್ಲ ಇದುವರೆಗೆ ಬೆಳೆಗಳ ಸುತ್ತ ನಡೆದಿದೆ. 2010ರ ಫೆಬ್ರವರಿ 6ರಂದು ಬಿ.ಟಿ. ಬದನೆಯ ಬಗ್ಗೆ ಬೆಂಗಳೂರಿನಲ್ಲಿ ಸಾರ್ವಜನಿಕ ಸಭೆ ನಡೆಯಿತು. ಮೂರು ದಿನ ಕಳೆದು ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು. ಕುಲಾಂತರಿ ಸಾಸಿವೆಯ ವಿಷಯದಲ್ಲಿ 2024ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನು ಕೊಟ್ಟರು. ಆದರೆ ಸರ್ಕಾರ ಒಂದು ರಾಷ್ಟ್ರೀಯ ನೀತಿಯನ್ನು ರೂಪಿಸಬೇಕೆಂಬುದರಲ್ಲಿ ಒಮ್ಮತವಾದರು. ಜೀನು ತಿದ್ದಿದ ಕೆಲವು ಬಗೆಯ ಸಸ್ಯಗಳಿಗೆ 2022ರಲ್ಲಿ ನಿಯಮಗಳ ಸಡಿಲಿಕೆ ಆಯಿತು. ಹುಳು ಸಸ್ಯವಲ್ಲ, ಅದಕ್ಕೆ 1989ರ ನಿಯಮಗಳೇ ಗತಿ.

ಸಾಸಿವೆಗೆ ಹೂಡಿದ ವಾದವನ್ನು ಹಾಗೆಯೇ ಹುಳುವಿಗೆ ತೊಡಿಸುವುದು ನನಗೆ ಸರಿದೋರುವುದಿಲ್ಲ. ಸಾಸಿವೆಯ ಪರಾಗ ಗಾಳಿಯಲ್ಲಿ ಹೋದೀತು, ಜೇನಿನ ಕಾಲಿಗಂಟಿ ಹೋದೀತು. ರೇಷ್ಮೆಯ ಚಿಟ್ಟೆಗೆ ಸಾವಿರಾರು ವರ್ಷದ ಸಾಕಣೆಯಲ್ಲಿ ಹಾರುವುದೇ ಮರೆತುಹೋಗಿದೆ. ಮನುಷ್ಯ ಸೊಪ್ಪು ಹಾಕದಿದ್ದರೆ ಅದರ ಸಂತಾನಕ್ಕೆ ಬದುಕಿಲ್ಲ. ಆದುದರಿಂದ ಅದು ಕಾಡಿಗೆ ತಪ್ಪಿಸಿಕೊಂಡೀತೆಂಬ ಭಯ ದೊಡ್ಡದಲ್ಲ. ನಿಜವಾದ ಭಯ ಬೇರೆ. ಮಾಗಡಿ, ಕುಣಿಗಲ್ ಸೀಮೆಯಲ್ಲಿ ತಲೆಮಾರುಗಳಿಂದ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆದುಕೊಂಡು ಬಂದಿರುವ ಕುಟುಂಬಗಳಿವೆ. ಹೊಸ ಹುಳು ಬಂದ ಮೇಲೆ ಆ ತಳಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹೊಸ ಬಿತ್ತನೆಯ ಒಡೆತನ ಸರ್ಕಾರದ ಕೋಠಿಯದೋ ಕಂಪನಿಯದೋ? ಒಂದೇ ಬಗೆಯ ಚೀಟಿಗೆ ವೈರಸ್ಸು ನಾಳೆ ಒಗ್ಗಿಕೊಂಡರೆ ಗತಿಯೇನು? ಇನ್ನೊಂದು ಕಡೆ, ಪ್ರಯೋಗಶಾಲೆಯಲ್ಲಿ ಗೆದ್ದದ್ದನ್ನು ಅಂಜಿಕೆಯಿಂದ ಕಪಾಟಿನಲ್ಲಿಟ್ಟು, ವರ್ಷ ವರ್ಷವೂ ಹುಳು ಸತ್ತವನ ಸಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಎಚ್ಚರಿಕೆಯೆನಿಸಲಾರದು. ಅದರ ಬೆಲೆಯನ್ನು ಬೇರೆಯವನು ತೆರುತ್ತಿದ್ದಾನೆ. ಬಯಲು ಪ್ರಯೋಗ ನಡೆಯಲಿ, ಸರ್ಕಾರದ ಕೈಯಲ್ಲಿಯೇ ನಡೆಯಲಿ, ಅದರ ಫಲಿತಾಂಶ ಗೂಡಿನ ಮಾರುಕಟ್ಟೆಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಲಿ ಎಂಬುದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಎಂದೊಡನೆ ನಗುವವರುಂಟು. ನಗುವುದಕ್ಕೆ ಕಾರಣವನ್ನೂ ನಾವೇ ಒದಗಿಸಿದ್ದೇವೆ. 2024ರ ಆಗಸ್ಟ್ 27ರಂದು ಲೋಕಸೇವಾ ಆಯೋಗದವರು ನಡೆಸಿದ ಗೆಜೆಟೆಡ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಭಾಷಾಂತರದ ತಪ್ಪುಗಳು ಎಷ್ಟಿದ್ದುವೆಂದರೆ ಸರ್ಕಾರ ಮರುಪರೀಕ್ಷೆಗೆ ಆಜ್ಞೆ ಮಾಡಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯಲ್ಲಿಯೂ ತಪ್ಪುಗಳು ಕಾಣಿಸಿಕೊಂಡುವು. ಹಳ್ಳಿಯಿಂದ ಬಂದು ಕನ್ನಡದಲ್ಲಿ ಓದಿದ ಹುಡುಗರು ಬೀದಿಗಿಳಿದು ಕೂಗಿದರು. ಭಾಷಾಂತರ ಕೆಟ್ಟರೆ ಜೀವಕೋಶದಲ್ಲಿ ಏನಾಗುತ್ತದೆಂದು ಬಲ್ಲ ನಾಡಿನಲ್ಲಿ ಆಡಳಿತದಲ್ಲಿ ಏನಾಗುತ್ತದೆಂದು ತಿಳಿಯಲು ಕಷ್ಟವಿಲ್ಲ. ಆದರೆ ಇದಕ್ಕೆ ಕನ್ನಡದ ಅಶಕ್ತಿ ಕಾರಣವೆಂದು ಹೇಳುವವರು ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಇವರು ಒಂದು ಶತಮಾನಕ್ಕೂ ಹಿಂದೆ ಇದೇ ಊರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದರೆಂಬುದನ್ನು ಮರೆಯುತ್ತಾರೆ. ಬೆಳ್ಳಾವೆಯವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವರು. ಪಂಪಭಾರತದ ಸಂಪಾದನೆಯಲ್ಲಿ ದುಡಿದವರೂ ಅವರೇ. ಒಬ್ಬನೇ ಮನುಷ್ಯನಲ್ಲಿ ಆ ಎರಡೂ ಕೂಡಿದ್ದ ಕಾಲ ಅದು. ಈಗ ಅವು ಬೇರೆ ಬೇರೆ ಕಟ್ಟಡಗಳಲ್ಲಿವೆ, ಬೇರೆ ಬೇರೆ ಸಂಬಳದ ಶ್ರೇಣಿಗಳಲ್ಲಿವೆ.

ಪದಗಳ ಕೊರತೆಯ ಮಾತು ನನಗೆ ಒಪ್ಪಿಗೆಯಿಲ್ಲ. ಆರ್.ಎನ್.ಎ. ಎಂಬುದು ಹಾಗೆಯೇ ಇರಲಿ, ಜೀನೂ ಇರಲಿ. ಬಸ್ಸು ಕಾಫಿಗಳು ಬಂದು ಕನ್ನಡ ಕೆಡಲಿಲ್ಲ. ಆದರೆ ಹುಳು ಜ್ವರಕ್ಕೆ ಕೂತಿತು, ಹಣ್ಣಾಯಿತು, ಹಾಲುತೊಂಡೆ ಬಿತ್ತು ಎಂದು ಬರೆದ ವರದಿಯನ್ನು ಕನಕಪುರದಲ್ಲಿ ಓದಬಲ್ಲರು. ‘ಡಿಂಭದ ನಿರ್ಮೋಚನ ಹಂತ’ವೆಂದು ಬರೆದದ್ದನ್ನು ಬರೆದವನೂ ಎರಡನೆಯ ಸಲ ಓದಲಾರ.

ಕಳೆದ ದಸರೆಯ ರಜೆಯಲ್ಲಿ ಆ ವಿದ್ಯಾರ್ಥಿನಿಯ ಹಳ್ಳಿಗೆ ಹೋಗಿದ್ದೆ. ರಾಮನಗರ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ವೆಂದು ಹೆಸರು ಬದಲಾಗಿದೆ, ಹಿಪ್ಪುನೇರಳೆಯ ತೋಟಗಳಿಗೆ ಆ ಸುದ್ದಿ ತಲುಪಿದಂತೆ ಕಾಣಲಿಲ್ಲ. ಅವಳ ತಾಯಿಗೆ ಹಾಲುತೊಂಡೆ ಬಾರದ ಹುಳುವಿನ ಕತೆಯನ್ನು, ಚೀಟಿ ನಿರೂಪಗಳ ಹೋಲಿಕೆಯೊಡನೆ, ಹೇಳಿದೆ. ಆಕೆ ಸೊಪ್ಪು ಹೆಚ್ಚುತ್ತಲೇ ಕೇಳಿದರು. ಚೀಟಿಯ ವಿಷಯ ಅವರಿಗೆ ಕಷ್ಟವೆನಿಸಲಿಲ್ಲ. ‘ದೃಷ್ಟಿ ತೆಗೆದಂಗೆ ಅಲ್ವಾ’ ಎಂದರು. ಆಮೇಲೆ, “ಅಲ್ಲ ಮೇಷ್ಟ್ರೇ, ಎಲ್ಲಾರ ಮನೇಲೂ ಹುಳ ಉಳಕೊಂಡ್ರೆ ಗೂಡಿನ ರೇಟು ಬಿದ್ದೋಗಲ್ವಾ?” ಎಂದು ಕೇಳಿದರು. 2011ರ ಕೇಂದ್ರ ಮುಂಗಡಪತ್ರದಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಸುಂಕ 30 ಪಾಲಿನಿಂದ 5 ಪಾಲಿಗೆ ಇಳಿದಾಗ ಗೂಡಿನ ಬೆಲೆ ಕುಸಿದುದನ್ನು ಅವರು ಮರೆತಿಲ್ಲ. ಆ ವರ್ಷ ಅವರ ಹುಳುವಿಗೆ ಯಾವ ರೋಗವೂ ಬಂದಿರಲಿಲ್ಲವಂತೆ.